ರಹದಾರಿಯೂ ದಾಂಪತ್ಯವೂ

ಪರಸ್ಥಳಕ್ಕೆ ಹೊರಟವನ ಕೈಯಲ್ಲಿರುವ ಸರ್ಕಾರದ ಅಪ್ಪಣೆ ಚೀಟಿಗೆ ನಮ್ಮ ಹಿರಿಯರು ‘ರಹದಾರಿ’ ಎನ್ನುತ್ತಿದ್ದರು. ಪಾರಸಿಯಲ್ಲಿ ‘ರಾಹ್’ ಎಂದರೆ ದಾರಿ. ದಾರಿಯನ್ನು ಬಿಡಿಸಿಕೊಡುವ ಕಾಗದ ರಹದಾರಿ. ಪಾರಸಿ ಮಾತು ನಮ್ಮ ನಾಡಿಗೆ ಬರುವುದಕ್ಕೆ ಎಷ್ಟೋ ಶತಮಾನ ಮುಂಚೆಯೇ ಈ ವಸ್ತು ನಮ್ಮ ದೇಶದಲ್ಲಿ ಇದ್ದಿತು. ಕೌಟಿಲ್ಯನ ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ ‘ಮುದ್ರಾಧ್ಯಕ್ಷ’ನೆಂಬ ಅಧಿಕಾರಿಯ ಪ್ರಸ್ತಾಪ ಬರುತ್ತದೆ. ಒಂದು ಮಾಷದ ನಾಣ್ಯವನ್ನು ತೆಗೆದುಕೊಂಡು ಮುದ್ರೆ ಒತ್ತಿದ ಪತ್ರವನ್ನು ಕೊಡುವುದು ಆತನ ಕೆಲಸ. ಮುದ್ರೆಯುಳ್ಳವನು ರಾಜ್ಯದೊಳಕ್ಕೆ ಬರಬಹುದು, ಹೊರಕ್ಕೆ ಹೋಗಬಹುದು. ಮುದ್ರೆಯಿಲ್ಲದೆ ಗಡಿ ದಾಟಿದ ನಾಡಿಗನಿಗೆ ಹನ್ನೆರಡು ಪಣ ದಂಡ. ಈ ಗ್ರಂಥದ ಹಸ್ತಪ್ರತಿಯನ್ನು 1905ರಲ್ಲಿ ಗುರುತಿಸಿ, 1909ರಲ್ಲಿ ಅಚ್ಚು ಹಾಕಿಸಿ ಲೋಕಕ್ಕೆ ತೋರಿಸಿಕೊಟ್ಟವರು ಮೈಸೂರಿನ ಓರಿಯೆಂಟಲ್ ಲೈಬ್ರರಿಯ ಪಂಡಿತ ಶಾಮಾಶಾಸ್ತ್ರಿಗಳು ಎಂಬುದು ನಮಗೆಲ್ಲ ಅಭಿಮಾನದ ಸಂಗತಿ.

ರಹದಾರಿಯ ಜೊತೆಗೆ ಇಂದು ‘ವೀಸಾ’ ಎಂಬ ಇನ್ನೊಂದು ಮಾತೂ ಮನೆಮಾತಾಗಿದೆ. ಲ್ಯಾಟಿನ್ ಭಾಷೆಯಲ್ಲಿ ಅದರ ಅರ್ಥ ‘ನೋಡಲ್ಪಟ್ಟದ್ದು’ ಎಂದಷ್ಟೆ. ಪಾಸ್‌ಪೋರ್ಟ್ ನಮ್ಮ ಸರ್ಕಾರ ಕೊಡುವ ಕಾಗದ. ಅದನ್ನು ನೋಡಿ ‘ಸರಿ, ಬರಬಹುದು’ ಎಂದು ಮತ್ತೊಂದು ದೇಶದವರು ಅಂಟಿಸುವ ಚೀಟಿ ವೀಸಾ. ಒಂದು ಮನೆಯವರು ಕಳಿಸಿಕೊಡುವ ಮಾತು, ಇನ್ನೊಂದು ಮನೆಯವರು ಬರಮಾಡಿಕೊಳ್ಳುವ ಮಾತು. ಎರಡೂ ಕೂಡಿದರೆ ಪ್ರಯಾಣ.

ಈಗ ಒಂದು ಪ್ರಶ್ನೆ. ಗಂಡನ ಕೈಯಲ್ಲಿ ಒಂದು ದೇಶದ ರಹದಾರಿ, ಹೆಂಡತಿಯ ಕೈಯಲ್ಲಿ ಇನ್ನೊಂದು ದೇಶದ ರಹದಾರಿ ಇದ್ದರೆ ಅವರಿಬ್ಬರೂ ಒಂದೇ ಬಾಗಿಲಿನಿಂದ ಒಳಗೆ ಹೋಗಬಹುದೇ? ಇದೇನು ದೂರದ ಪ್ರಶ್ನೆ ಎನ್ನಬೇಡಿ. ನಮ್ಮ ಜಿಲ್ಲಾ ಪಟ್ಟಣಗಳಲ್ಲಿ ಕೂಡ ಜರ್ಮನಿಯ ಅಳಿಯನನ್ನೋ ಅಮೆರಿಕದ ಸೊಸೆಯನ್ನೋ ಪಡೆದ ಮನೆಗಳು ಇಂದು ಅಪರೂಪವಲ್ಲ. ಅಂಥ ದಂಪತಿಗಳು ಬೇಸಗೆಯಲ್ಲಿ ಯೂರೋಪಿಗೆ ಹೋಗಿಬರಲು ಹೊರಟಾಗ, ಒಬ್ಬರು ಕೈಬೀಸಿಕೊಂಡು ನಡೆದು ಹೋಗುವುದೂ, ಇನ್ನೊಬ್ಬರು ಬ್ಯಾಂಕಿನ ಲೆಕ್ಕ, ಲಗ್ನದ ಪತ್ರ, ಬೆರಳಚ್ಚು ಎಂದು ಅಲೆಯುವುದೂ ನಿಮ್ಮ ಕಣ್ಣಿಗೆ ಬಿದ್ದಿರಬಹುದು. ‘ಮದುವೆಯಾದ ಮೇಲೂ ಈ ಭೇದವೇ?’ ಎಂದು ಮನೆಯ ಹಿರಿಯರು ಕೇಳುವುದು ಸಹಜ. ಇದಕ್ಕೆ ಉತ್ತರ ಇನ್ನೂರು ವರ್ಷಗಳ ಚರಿತ್ರೆಯಲ್ಲಿದೆ. ಆ ಚರಿತ್ರೆಯನ್ನು ತಿಳಿದರೆ, ಇಂದಿನ ತೊಡಕು ಒಂದು ದೊಡ್ಡ ಅನ್ಯಾಯವನ್ನು ಕಳೆದುಕೊಂಡ ಬಳಿಕ ಉಳಿದ ಸಣ್ಣ ಬಾಕಿ ಎಂಬುದು ಗೊತ್ತಾಗುತ್ತದೆ.

ಕೊಟ್ಟ ಹೆಣ್ಣು ಕುಲಕ್ಕೆ ಹೊರಗು

ನಮ್ಮಲ್ಲಿ ಒಂದು ಗಾದೆಯುಂಟು: ಕೊಟ್ಟ ಹೆಣ್ಣು ಕುಲಕ್ಕೆ ಹೊರಗು. ಮದುವೆಯೊಡನೆ ಹೆಣ್ಣಿನ ಗೋತ್ರ ಬದಲಾಗುವುದೆಂದು ನಮ್ಮ ಸಂಪ್ರದಾಯ ಹೇಳುತ್ತದೆ. ಹೀಗೆ ನಡೆಯುವುದು ನಮ್ಮ ದೇಶದಲ್ಲಿ ಮಾತ್ರ ಎಂದು ತಿಳಿದರೆ ಅದು ತಪ್ಪು. ಗೋತ್ರದ ವಿಷಯದಲ್ಲಿ ನಾವು ಮಾಡಿದ್ದನ್ನೇ ಯೂರೋಪಿನ ರಾಜ್ಯಗಳು ಪೌರತ್ವದ ವಿಷಯದಲ್ಲಿ ಮಾಡಿದವು. ನೆಪೋಲಿಯನ್ನನ ಕಾಲದಲ್ಲಿ, 1804ರಲ್ಲಿ, ಫ್ರಾನ್ಸಿನ ಸಿವಿಲ್ ಸಂಹಿತೆ ಹೊರಟಿತು. ಫ್ರೆಂಚನನ್ನು ಮದುವೆಯಾದ ಪರದೇಶದ ಹೆಣ್ಣು ಗಂಡನ ಸ್ಥಿತಿಯನ್ನೇ ಹೊಂದುವಳೆಂದೂ, ಪರದೇಶದವನನ್ನು ಮದುವೆಯಾದ ಫ್ರೆಂಚ್ ಹೆಣ್ಣು ಗಂಡನ ದೇಶಕ್ಕೆ ಸೇರಿದವಳೆಂದೂ ಅದು ವಿಧಿಸಿತು. ಆ ಸಂಹಿತೆಯನ್ನು ನೋಡಿ ಅನೇಕ ದೇಶಗಳು ಇದೇ ಕಟ್ಟಳೆಯನ್ನು ತಮ್ಮಲ್ಲಿ ಬರೆದುಕೊಂಡವು. ಇಂಗ್ಲೆಂಡು 1844ರಲ್ಲಿ ಅರ್ಧ ದಾರಿ ಬಂದಿತು: ಇಂಗ್ಲಿಷನನ್ನು ವರಿಸಿದ ಪರದೇಶದ ಹೆಣ್ಣು ಬ್ರಿಟಿಷ್ ಪ್ರಜೆಯಾದಳು. 1870ರ ಕಾನೂನಿನಿಂದ ಉಳಿದರ್ಧವೂ ಪೂರೈಸಿತು: ಪರದೇಶದವನನ್ನು ವರಿಸಿದ ಇಂಗ್ಲಿಷ್ ಹೆಣ್ಣು ತನ್ನ ಪ್ರಜಾತ್ವವನ್ನು ಕಳೆದುಕೊಂಡಳು.

ಇದರಲ್ಲಿ ಒಂದು ಅನುಕೂಲ ಇದ್ದಿತು ಎಂಬುದನ್ನು ಒಪ್ಪಬೇಕು. ಒಂದು ಸಂಸಾರಕ್ಕೆ ಒಂದೇ ದೇಶ. ಗಂಡನಿಗೆ ತೆರೆದ ಬಾಗಿಲು ಹೆಂಡತಿಗೂ ತೆರೆಯುತ್ತಿತ್ತು. ಆದರೆ ಆ ಅನುಕೂಲಕ್ಕೆ ಕೊಟ್ಟ ಬೆಲೆ ಏನೆಂಬುದು ಸುಖದ ದಿನಗಳಲ್ಲಿ ಕಾಣಲಿಲ್ಲ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ರೈಲುದಾರಿಗಳು ಹಬ್ಬಿ, ಜನಸಂಚಾರ ಹೆಚ್ಚಿ, ಗಡಿಗಳಲ್ಲಿ ಪ್ರತಿಯೊಬ್ಬನ ಕಾಗದ ನೋಡುವುದು ಆಗದ ಕೆಲಸವಾಯಿತು. ರಷ್ಯ ಮತ್ತು ತುರ್ಕಿ ಸಾಮ್ರಾಜ್ಯಗಳನ್ನು ಬಿಟ್ಟರೆ, 1914ರ ಮುಂಚೆ ಯೂರೋಪಿನ ಬಹುಭಾಗದಲ್ಲಿ ಪಾಸ್‌ಪೋರ್ಟ್ ಇಲ್ಲದೆಯೇ ಓಡಾಡಬಹುದಾಗಿತ್ತು. ಕಾಗದವೇ ಬೇಡವಾದ ಕಾಲದಲ್ಲಿ ಹೆಂಡತಿ ಯಾವ ದೇಶದವಳು ಎಂದು ಯಾರು ಕೇಳುತ್ತಾರೆ?

ಮಹಾಯುದ್ಧ ಬಂದೊಡನೆ ಕೇಳಿದರು. ಇಂಗ್ಲೆಂಡಿನಲ್ಲಿ ಹುಟ್ಟಿ, ಇಂಗ್ಲಿಷನ್ನೇ ಆಡಿ, ಎಂದೋ ಜರ್ಮನನೊಬ್ಬನ ಕೈಹಿಡಿದ ಹೆಣ್ಣು 1914ರ ಆಗಸ್ಟಿನಲ್ಲಿ ತನ್ನ ತವರೂರಿನಲ್ಲಿಯೇ ಶತ್ರು ದೇಶದವಳಾದಳು. ಪೋಲೀಸರಲ್ಲಿ ಹೆಸರು ಬರೆಸಬೇಕಾಯಿತು. ಆಕೆಯ ಅಣ್ಣತಮ್ಮಂದಿರು ಇಂಗ್ಲೆಂಡಿನ ಪರವಾಗಿ ಯುದ್ಧಕ್ಕೆ ಹೋಗಿದ್ದರೂ ಕಾನೂನಿನ ಕಣ್ಣಿಗೆ ಆಕೆ ಹೊರಗಿನವಳೇ.

ಅಮೆರಿಕದ ಕಥೆ

ಅಮೆರಿಕ ಸಂಯುಕ್ತ ಸಂಸ್ಥಾನ 1907ರಲ್ಲಿ ಇದೇ ಕಟ್ಟಳೆಯನ್ನು ಶಾಸನವಾಗಿ ಮಾಡಿತು. ಕ್ಯಾಲಿಫೋರ್ನಿಯದಲ್ಲಿ ಹುಟ್ಟಿದ ಎಥೆಲ್ ಮೆಕೆಂಜಿ ಎಂಬ ಮಹಿಳೆ ಸ್ಕಾಟ್ಲೆಂಡಿನ ಗಾಯಕನೊಬ್ಬನನ್ನು ಮದುವೆಯಾಗಿದ್ದಳು. ಆ ಪ್ರಾಂತದಲ್ಲಿ ಸ್ತ್ರೀಯರಿಗೆ ಮತದಾನದ ಹಕ್ಕು ಬಂದಾಗ ಹೆಸರು ಬರೆಸಲು ಹೋದಳು. ‘ನೀನು ಅಮೆರಿಕದ ಪ್ರಜೆಯಲ್ಲ’ ಎಂಬ ಉತ್ತರ ಬಂದಿತು. ಹುಟ್ಟಿದ ಊರನ್ನು ಬಿಟ್ಟು ಹೋಗದೆ ಇದ್ದರೂ ಪ್ರಜಾತ್ವ ಹೋಗಿತ್ತು. ಆಕೆ ಸುಪ್ರೀಂ ಕೋರ್ಟಿನವರೆಗೂ ಹೋದಳು. 1915ರಲ್ಲಿ ನ್ಯಾಯಾಲಯ ಶಾಸನವನ್ನೇ ಎತ್ತಿಹಿಡಿಯಿತು: ಪರದೇಶದವನನ್ನು ತಿಳಿದೂ ತಿಳಿದೂ ವರಿಸಿದ್ದೇ ಪ್ರಜಾತ್ವವನ್ನು ಬಿಟ್ಟಂತೆ ಎಂಬುದು ಅದರ ವಾದ.

ಸ್ತ್ರೀಯರ ಹೋರಾಟದ ಫಲವಾಗಿ 1922ರ ಸೆಪ್ಟೆಂಬರ್ 22ರಂದು ಅಲ್ಲಿ ಕೇಬಲ್ ಶಾಸನ ಜಾರಿಗೆ ಬಂದಿತು. ಮದುವೆಯಿಂದಷ್ಟೆ ಪ್ರಜಾತ್ವ ಹೋಗದು ಎಂದು ಅದು ಸಾರಿತು. ಆದರೆ ಅದಕ್ಕೆ ಒಂದು ಬಾಲವಿತ್ತು: ಅಮೆರಿಕದ ಪೌರನಾಗಲು ಅರ್ಹನಲ್ಲದವನನ್ನು ವರಿಸಿದವಳು ಮಾತ್ರ ಪ್ರಜಾತ್ವ ಕಳೆದುಕೊಳ್ಳುವಳು! ಆ ಅನರ್ಹರು ಯಾರು? ಏಷ್ಯದವರು. 1923ರ ಫೆಬ್ರುವರಿಯಲ್ಲಿ ಭಗತ್ ಸಿಂಗ್ ಥಿಂಡ್ ಅವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಭಾರತೀಯರನ್ನೂ ಆ ಪಟ್ಟಿಗೆ ಸೇರಿಸಿತು. ಅದರ ಪೆಟ್ಟು ತಗಲಿದವರಲ್ಲಿ ಮೇರಿ ಕೀಟಿಂಗ್ ದಾಸ್ ಒಬ್ಬರು. ನಮ್ಮ ಸ್ವಾತಂತ್ರ್ಯ ಹೋರಾಟದಲ್ಲಿ ಹೆಸರಾದ ತಾರಕನಾಥ ದಾಸರ ಪತ್ನಿ ಈಕೆ. ಅಮೆರಿಕದ ಹಳೆಯ ಮನೆತನದಲ್ಲಿ ಹುಟ್ಟಿದವರು. ಭಾರತೀಯನ ಕೈಹಿಡಿದದ್ದಕ್ಕಾಗಿ ಅಮೆರಿಕದ ಪ್ರಜಾತ್ವವೂ ಹೋಯಿತು, ಅದರೊಡನೆ ಪಾಸ್‌ಪೋರ್ಟಿನ ಹಕ್ಕೂ ಹೋಯಿತು. ಹಾಗೆಂದು ಭಾರತೀಯ ಪ್ರಜಾತ್ವ ಬಂದಿತೇ? ಆಗ ಸ್ವತಂತ್ರ ಭಾರತವೇ ಇರಲಿಲ್ಲ. ಗಂಡನ ದೇಶವೂ ಇಲ್ಲ, ತವರೂ ಇಲ್ಲ ಎಂಬ ಸ್ಥಿತಿ. ಈ ಕಟ್ಟಳೆಯನ್ನು 1931ರಲ್ಲಿ ತೆಗೆದುಹಾಕಿದರು. ಭಾರತೀಯರಿಗೆ ಅಮೆರಿಕದ ಪೌರತ್ವದ ಬಾಗಿಲು ತೆರೆದದ್ದು 1946ರಲ್ಲಿ.

ಈ ಕಥೆಯನ್ನು ನಾನು ಇಲ್ಲಿ ವಿಸ್ತರಿಸಿ ಹೇಳಲು ಕಾರಣವುಂಟು. ‘ಗಂಡನಿಗೆ ಯಾವ ಕಾಗದವೋ ಹೆಂಡತಿಗೂ ಅದೇ ಇದ್ದಿದ್ದರೆ ಎಷ್ಟು ಸುಲಭ’ ಎಂದು ನಾವು ಇಂದು ಅನ್ನುವಾಗ, ಆ ಸುಲಭಕ್ಕೆ ಹಿಂದಿನ ಹೆಣ್ಣುಮಕ್ಕಳು ತೆತ್ತದ್ದು ಎಷ್ಟೆಂಬುದು ನೆನಪಿರಬೇಕು.

ಹೊಸ ರಹದಾರಿ

ಯುದ್ಧ ಮುಗಿದರೂ ಗಡಿಯ ಕಾವಲು ಮುಗಿಯಲಿಲ್ಲ. 1920ರ ಅಕ್ಟೋಬರಿನಲ್ಲಿ ರಾಷ್ಟ್ರಸಂಘದ ಆಶ್ರಯದಲ್ಲಿ ಪ್ಯಾರಿಸ್ಸಿನಲ್ಲಿ ಒಂದು ಸಮ್ಮೇಳನ ಸೇರಿತು. ಪಾಸ್‌ಪೋರ್ಟನ್ನು ಮತ್ತೆ ಕೈಬಿಡಬೇಕೆಂಬ ಆಸೆ ಎಲ್ಲರಿಗೂ ಇದ್ದಿತು. ಧೈರ್ಯ ಮಾತ್ರ ಯಾರಿಗೂ ಇರಲಿಲ್ಲ. ಆದುದರಿಂದ ಎಲ್ಲ ದೇಶಗಳ ಪಾಸ್‌ಪೋರ್ಟೂ ಒಂದೇ ಮಾದರಿಯದಾಗಿ 32 ಪುಟಗಳ ಪುಸ್ತಕವಾಗಿರಲಿ, ಕನಿಷ್ಠ ಎರಡು ಭಾಷೆಗಳಲ್ಲಿರಲಿ, ಅವುಗಳಲ್ಲಿ ಒಂದು ಫ್ರೆಂಚ್ ಆಗಿರಲಿ, ವೀಸಾ ಶುಲ್ಕ ಹತ್ತು ಚಿನ್ನದ ಫ್ರಾಂಕನ್ನು ಮೀರದಿರಲಿ ಎಂದು ಸಲಹೆ ಮಾಡಿದರು. ಇಂದು ನಿಮ್ಮ ಪೆಟ್ಟಿಗೆಯಲ್ಲಿರುವ ಪಾಸ್‌ಪೋರ್ಟ್ ಪುಸ್ತಕ ಆ ಮಾದರಿಯ ಮೊಮ್ಮಗನೇ ಸರಿ.

ಆ ಕಾಲದ ಪುಸ್ತಕಗಳಲ್ಲಿ ಗಂಡನ ಚಹರೆಯ ಪಕ್ಕದಲ್ಲಿ ‘ಹೆಂಡತಿ’ ಎಂಬ ಇನ್ನೊಂದು ಸಾಲು. ಅಲ್ಲಿ ಆಕೆಯ ಭಾವಚಿತ್ರ. ಹೆಂಡತಿಗೆ ಬೇರೆ ಪುಸ್ತಕ ಬೇಡ, ಬೇರೆ ವೀಸಾವೂ ಬೇಡ. ಆದರೆ ಗಂಡ ಜೊತೆಯಲ್ಲಿಲ್ಲದೆ ಆಕೆ ಆ ಪುಸ್ತಕವನ್ನು ಹಿಡಿದು ಎಲ್ಲಿಗೂ ಹೋಗುವಂತಿರಲಿಲ್ಲ. ರಹದಾರಿ ಇತ್ತು, ದಾರಿ ಮಾತ್ರ ಗಂಡನದು.

1930ರ ಏಪ್ರಿಲಿನಲ್ಲಿ ಹೇಗ್ ನಗರದಲ್ಲಿ ಪೌರತ್ವದ ಬಗ್ಗೆ ಆದ ಒಡಂಬಡಿಕೆ, ಮದುವೆಯಿಂದ ಯಾವ ದೇಶವೂ ಇಲ್ಲದಂತಾಗುವ ಹೆಣ್ಣಿನ ಗತಿಯನ್ನು ಸ್ವಲ್ಪ ಮಟ್ಟಿಗೆ ಸರಿಪಡಿಸಿತು. ಇಂಗ್ಲೆಂಡಿನ ಹೆಣ್ಣುಮಕ್ಕಳಿಗೆ 1948ರ ಶಾಸನದಿಂದ, ಅಂದರೆ 1949ರ ಜನವರಿ 1ರಿಂದ, ತಮ್ಮ ಪ್ರಜಾತ್ವ ತಮ್ಮದಾಯಿತು. 1957ರ ಜನವರಿ 29ರಂದು ವಿಶ್ವಸಂಸ್ಥೆ ‘ವಿವಾಹಿತ ಸ್ತ್ರೀಯರ ಪೌರತ್ವ’ ಎಂಬ ಒಡಂಬಡಿಕೆಯನ್ನೇ ಅಂಗೀಕರಿಸಿತು. ಮದುವೆಯಾಗಲಿ, ವಿಚ್ಛೇದನವಾಗಲಿ, ಗಂಡ ಬೇರೆ ದೇಶದ ಪೌರತ್ವ ಪಡೆಯುವುದಾಗಲಿ ಹೆಂಡತಿಯ ಪೌರತ್ವವನ್ನು ತಾನಾಗಿ ಬದಲಿಸಲಾರದು ಎಂಬುದು ಅದರ ಸಾರ. ನಮ್ಮ ದೇಶದ 1955ರ ಪೌರತ್ವ ಶಾಸನವೂ ಇದೇ ದಾರಿಯದು. ಪರದೇಶದವನನ್ನು ವರಿಸಿದ ಮಾತ್ರಕ್ಕೆ ನಮ್ಮ ಹೆಣ್ಣುಮಗಳು ಭಾರತೀಯಳಲ್ಲದೆ ಹೋಗುವುದಿಲ್ಲ. ತಾನಾಗಿ ಇನ್ನೊಂದು ದೇಶದ ಪೌರತ್ವ ಪಡೆದರೆ ಮಾತ್ರ ಇಲ್ಲಿಯದು ಹೋಗುತ್ತದೆ.

ಹೀಗೆ ಹೆಂಡತಿಗೆ ತನ್ನದೇ ದೇಶ, ತನ್ನದೇ ಪುಸ್ತಕ ದೊರೆಯಿತು. ಅಲ್ಲಿಂದಲೇ ಹೊಸ ತೊಡಕೂ ಹುಟ್ಟಿತು. ಎರಡು ಪುಸ್ತಕಗಳಾದ ಮೇಲೆ ಎರಡು ಸಾಲುಗಳೂ ಆದವು.

ಮೊಸೆಲ್ ನದಿಯ ಮೇಲೆ

ಯೂರೋಪಿನ ಆರು ದೇಶಗಳು 1957ರ ಮಾರ್ಚ್ 25ರಂದು ರೋಮಿನಲ್ಲಿ ಒಂದು ಒಪ್ಪಂದ ಮಾಡಿಕೊಂಡು ಆರ್ಥಿಕ ಸಮುದಾಯವನ್ನು ಕಟ್ಟಿದವು. ಒಂದು ದೇಶದ ಕೆಲಸಗಾರ ಇನ್ನೊಂದರಲ್ಲಿ ದುಡಿಯಬಹುದು ಎಂಬುದು ಅದರ ತತ್ತ್ವಗಳಲ್ಲಿ ಒಂದು. ದುಡಿಯುವವನನ್ನು ಕರೆದು ಅವನ ಹೆಂಡತಿಯನ್ನು ಬಾಗಿಲಲ್ಲಿ ನಿಲ್ಲಿಸಿದರೆ ಅವನು ಬಂದಾನೆಯೇ? 1968ರ ಅಕ್ಟೋಬರ್ 15ರ ಕಟ್ಟಳೆಗಳು ಈ ಮಾತನ್ನು ಅರಿತುಕೊಂಡವು. ಕೆಲಸಗಾರನ ಪತ್ನಿ ಅಥವಾ ಪತಿ ಸಮುದಾಯದ ಹೊರಗಿನ ದೇಶದವರಾದರೂ ಅವರಿಗೆ ವೀಸಾ ಪಡೆಯಲು ಎಲ್ಲ ಅನುಕೂಲವನ್ನೂ ಮಾಡಿಕೊಡಬೇಕು, ಅದೂ ಶುಲ್ಕವಿಲ್ಲದೆ, ಎಂದು ವಿಧಿಸಿದವು. ಪರದೇಶದ ಪತಿಪತ್ನಿಯರಿಗೆ ಯೂರೋಪಿನಲ್ಲಿ ದೊರೆತ ಹಕ್ಕಿಗೆ ಇದೇ ಬೀಜ.

ಗಡಿಗಳನ್ನೇ ಅಳಿಸುವ ಕೆಲಸ ಬೇರೊಂದು ಕಡೆಯಿಂದ ನಡೆಯಿತು. 1984ರ ಫೆಬ್ರುವರಿಯಲ್ಲಿ ಗಡಿಯ ಸುಂಕದ ಕಟ್ಟೆಗಳಲ್ಲಿ ಕಾದು ಕಾದು ಬೇಸತ್ತ ಲಾರಿ ಚಾಲಕರು ದಾರಿಗಳನ್ನು ಕಟ್ಟಿ ಹಾಕಿದರು. ಅದೇ ಜುಲೈಯಲ್ಲಿ ಫ್ರಾನ್ಸೂ ಪಶ್ಚಿಮ ಜರ್ಮನಿಯೂ ತಮ್ಮ ನಡುವಿನ ತಪಾಸಣೆಯನ್ನು ಸಡಿಲಿಸಲು ಒಪ್ಪಿದವು. ಮರುವರ್ಷ, 1985ರ ಜೂನ್ 14ರಂದು, ಲಕ್ಸೆಂಬರ್ಗ್ ದೇಶದ ಶೆಂಗೆನ್ ಎಂಬ ಹಳ್ಳಿಯ ಬಳಿ, ಮೊಸೆಲ್ ನದಿಯಲ್ಲಿ ನಿಂತ ‘ಪ್ರಿನ್ಸೆಸ್ ಮರಿ ಆಸ್ಟ್ರಿಡ್’ ಎಂಬ ಹಡಗಿನ ಮೇಲೆ ಬೆಲ್ಜಿಯಂ, ಹಾಲೆಂಡ್, ಲಕ್ಸೆಂಬರ್ಗ್, ಫ್ರಾನ್ಸ್, ಪಶ್ಚಿಮ ಜರ್ಮನಿ ಎಂಬ ಐದು ದೇಶಗಳು ರುಜು ಹಾಕಿದವು. ಫ್ರಾನ್ಸ್, ಜರ್ಮನಿ, ಲಕ್ಸೆಂಬರ್ಗ್ ಮೂರರ ಗಡಿಯೂ ಕೂಡುವ ಜಾಗ ಅದು. 1990ರ ಜೂನ್ 19ರಂದು ವಿವರವಾದ ಒಡಂಬಡಿಕೆ ಆಯಿತು. 1995ರ ಮಾರ್ಚ್ 26ರಂದು ಸ್ಪೇನ್, ಪೋರ್ಚುಗಲ್ ಸೇರಿ ಏಳು ದೇಶಗಳಲ್ಲಿ ಅದು ಜಾರಿಗೆ ಬಂದಿತು. 2025ರ ಜನವರಿ 1ರಂದು ಬಲ್ಗೇರಿಯ, ರೊಮೇನಿಯಗಳು ಪೂರ್ತಿಯಾಗಿ ಸೇರಿದಾಗ ದೇಶಗಳ ಸಂಖ್ಯೆ 29 ಆಯಿತು. ಒಳಗೆ ಬಾಗಿಲಿಲ್ಲದ ಮನೆಯಾದ ಮೇಲೆ ಹೊರಬಾಗಿಲಿನ ಚೀಟಿಯೂ ಒಂದೇ ಆಯಿತು. ಅದೇ ಶೆಂಗೆನ್ ವೀಸಾ.

ನ್ಯಾಯಾಲಯದ ಮೆಟ್ಟಿಲುಗಳು

ಪತಿಪತ್ನಿಯರ ಹಕ್ಕು ಕಾಗದದಲ್ಲಿದ್ದರೆ ಸಾಲದು; ಅದನ್ನು ಬಾಗಿಲ ಕಾವಲಿನವನು ಒಪ್ಪಬೇಕು. ಅದಕ್ಕಾಗಿ ಜನ ನ್ಯಾಯಾಲಯಗಳಿಗೆ ಹೋದರು. ಇಂಗ್ಲೆಂಡಿನಲ್ಲಿ ಒಂದು ಕಾಲಕ್ಕೆ ಗಂಡಸರು ಪರದೇಶದ ಹೆಂಡತಿಯನ್ನು ಕರೆಸಿಕೊಳ್ಳುವುದು ಸುಲಭ, ಹೆಂಗಸರು ಗಂಡನನ್ನು ಕರೆಸಿಕೊಳ್ಳುವುದು ಕಷ್ಟ. ಅಲ್ಲಿ ನೆಲಸಿದ ಮೂವರು ಸ್ತ್ರೀಯರು ಸ್ಟ್ರಾಸ್‌ಬರ್ಗಿನ ಮಾನವ ಹಕ್ಕುಗಳ ನ್ಯಾಯಾಲಯಕ್ಕೆ ದೂರು ಕೊಟ್ಟರು. 1985ರ ಮೇ 28ರಂದು ನ್ಯಾಯಾಲಯ ಇದು ಹೆಣ್ಣುಗಂಡೆಂಬ ಭೇದವೇ ಎಂದು ತೀರ್ಪಿತ್ತಿತು. ಇಂಗ್ಲೆಂಡಿನ ಸರ್ಕಾರ ಭೇದವನ್ನೇನೋ ಅಳಿಸಿತು. ಆದರೆ ಗಂಡಂದಿರ ದಾರಿಯನ್ನು ಸುಲಭ ಮಾಡುವ ಬದಲು ಹೆಂಡತಿಯರ ದಾರಿಯನ್ನೂ ಅಷ್ಟೇ ಕಷ್ಟವಾಗಿ ಮಾಡಿತು! ಸಮಾನತೆಯನ್ನು ಹೀಗೂ ತರಬಹುದು ಎಂಬುದಕ್ಕೆ ಇದೊಂದು ಉದಾಹರಣೆ.

ಎರಡನೆಯ ಪ್ರಕರಣ ನಮ್ಮ ದೇಶದವನೊಬ್ಬನದು. ಸುರಿಂದರ್ ಸಿಂಗ್ ಎಂಬ ಭಾರತೀಯ 1982ರಲ್ಲಿ ಬ್ರಿಟಿಷ್ ಪ್ರಜೆಯೊಬ್ಬಳನ್ನು ವರಿಸಿದ್ದ. ದಂಪತಿಗಳು 1983ರಿಂದ ಜರ್ಮನಿಯಲ್ಲಿ ದುಡಿದು 1985ರಲ್ಲಿ ಇಂಗ್ಲೆಂಡಿಗೆ ಮರಳಿದರು. ಇನ್ನೊಂದು ಸದಸ್ಯ ದೇಶದಲ್ಲಿ ದುಡಿದು ತನ್ನ ದೇಶಕ್ಕೆ ಮರಳುವ ಪೌರಳು, ಅಲ್ಲಿದ್ದಾಗ ಇದ್ದ ಹಕ್ಕಿಗಿಂತ ಕಡಿಮೆಯ ಹಕ್ಕಿನಲ್ಲಿ ಮರಳಬೇಕಾಗಿಲ್ಲ, ಆಕೆಯ ಗಂಡನಿಗೂ ಆ ರಕ್ಷಣೆ ಉಂಟು ಎಂದು ಯೂರೋಪಿನ ನ್ಯಾಯಾಲಯ 1992ರ ಜುಲೈ 7ರಂದು ಹೇಳಿತು. ಇಂದಿಗೂ ಯೂರೋಪಿನ ವಕೀಲರ ಬಾಯಲ್ಲಿ ‘ಸುರಿಂದರ್ ಸಿಂಗ್ ದಾರಿ’ ಎಂಬ ಮಾತು ಬಳಕೆಯಲ್ಲಿದೆ.

2002ರ ಜುಲೈ 25ರಂದು ಇನ್ನೊಂದು ತೀರ್ಪು ಬಂದಿತು: ತಾನು ಯಾರೆಂಬುದನ್ನೂ ಮದುವೆಯನ್ನೂ ರುಜುವಾತು ಮಾಡಬಲ್ಲ, ದೇಶಕ್ಕೆ ಅಪಾಯವಲ್ಲದ ಪತಿಯನ್ನೋ ಪತ್ನಿಯನ್ನೋ ವೀಸಾ ಇಲ್ಲವೆಂಬ ಒಂದೇ ಕಾರಣದಿಂದ ಗಡಿಯಿಂದ ಹಿಂದಕ್ಕೆ ಅಟ್ಟಬಾರದು. 2004ರ ಏಪ್ರಿಲ್ 29ರ ನಿರ್ದೇಶ ಇವೆಲ್ಲವನ್ನೂ ಒಂದು ಕಡೆ ಕೂಡಿಸಿ, ಇಂಥವರಿಗೆ ವೀಸಾವನ್ನು ಶುಲ್ಕವಿಲ್ಲದೆ, ಆದಷ್ಟು ಬೇಗ, ಚುರುಕಾದ ಕ್ರಮದಲ್ಲಿ ಕೊಡಬೇಕೆಂದು ವಿಧಿಸಿತು.

ದೀರ್ಘಾವಧಿಯ ವೀಸಾ

ಶೆಂಗೆನ್ ಒಡಂಬಡಿಕೆಯಲ್ಲಿ ಮೊದಲಿನಿಂದಲೂ ಎರಡು ಬಗೆಯ ವೀಸಾ ಉಂಟು: ಒಂದು ಸಾರಿ ಒಳಹೋಗುವುದು, ಅನೇಕ ಸಾರಿ ಹೋಗಿಬರುವುದು. ಎರಡನೆಯದನ್ನು ಯಾರಿಗೆ, ಎಷ್ಟು ಕಾಲಕ್ಕೆ ಕೊಡಬೇಕೆಂಬುದು ಬಹುಕಾಲ ಆಯಾ ದೂತಾವಾಸದ ಇಷ್ಟಕ್ಕೆ ಬಿಟ್ಟ ಮಾತಾಗಿತ್ತು. ಪ್ರತಿ ಸಾರಿಯೂ ಅತ್ತೆಮಾವಂದಿರನ್ನು ನೋಡಲು ಹೋಗುವ ಸೊಸೆ ಪ್ರತಿ ಸಾರಿಯೂ ಹೊಸದಾಗಿ ಕಾಗದ ಜೋಡಿಸಬೇಕು. 2010ರ ಏಪ್ರಿಲ್ 5ರಂದು ವೀಸಾ ಸಂಹಿತೆ ಜಾರಿಗೆ ಬಂದು, ಅನೇಕ ಸಾರಿ ಪ್ರವೇಶದ ವೀಸಾ ಆರು ತಿಂಗಳಿಂದ ಐದು ವರ್ಷದವರೆಗೆ ಇರಬಹುದೆಂದು ನಿಶ್ಚಯಿಸಿತು. ಯೂರೋಪಿನ ಪೌರರ ಕುಟುಂಬದವರನ್ನು ಅಂಥ ವೀಸಾಕ್ಕೆ ತಕ್ಕವರೆಂದು ಹೆಸರಿಸಿಯೇ ಹೇಳಿತು.

2020ರ ಫೆಬ್ರುವರಿ 2ರಿಂದ ಮೆಟ್ಟಿಲು ಮೆಟ್ಟಿಲಾದ ಏರ್ಪಾಡು ಬಂದಿತು. ಹಿಂದಿನ ಎರಡು ವರ್ಷಗಳಲ್ಲಿ ಮೂರು ವೀಸಾಗಳನ್ನು ಪಡೆದು ಕ್ರಮವಾಗಿ ಬಳಸಿದವರಿಗೆ ಒಂದು ವರ್ಷದ ವೀಸಾ. ಅದನ್ನು ಹಿಂದಿನ ಎರಡು ವರ್ಷಗಳಲ್ಲಿ ಸರಿಯಾಗಿ ಬಳಸಿದವರಿಗೆ ಎರಡು ವರ್ಷದ್ದು. ಎರಡು ವರ್ಷದ್ದನ್ನು ಹಿಂದಿನ ಮೂರು ವರ್ಷಗಳಲ್ಲಿ ಬಳಸಿದವರಿಗೆ ಐದು ವರ್ಷದ್ದು. ಭಾರತದಲ್ಲಿ ವಾಸಿಸಿ ಇಲ್ಲಿಯೇ ಅರ್ಜಿ ಹಾಕುವ ಭಾರತೀಯರಿಗೆ 2024ರ ಏಪ್ರಿಲ್ 18ರ ನಿರ್ಣಯದಿಂದ ಒಂದು ಮೆಟ್ಟಿಲು ಕಡಿಮೆಯಾಯಿತು: ಹಿಂದಿನ ಮೂರು ವರ್ಷಗಳಲ್ಲಿ ಎರಡು ವೀಸಾಗಳನ್ನು ಕ್ರಮವಾಗಿ ಬಳಸಿದ್ದರೆ ಎರಡು ವರ್ಷದ ವೀಸಾ; ಆ ಬಳಿಕ, ಪಾಸ್‌ಪೋರ್ಟಿನ ಅವಧಿ ಸಾಕಷ್ಟು ಉಳಿದಿದ್ದರೆ, ಸಾಮಾನ್ಯವಾಗಿ ಐದು ವರ್ಷದ್ದು. ಇದಲ್ಲದೆ, ಪದೇ ಪದೇ ಹೋಗಬೇಕಾದ ಕಾರಣವನ್ನೂ ತನ್ನ ನಂಬಿಕೆಯನ್ನೂ ತೋರಿಸಿಕೊಟ್ಟವರಿಗೆ ಮೆಟ್ಟಿಲುಗಳನ್ನು ಕಾಯದೆಯೂ ದೀರ್ಘ ಅವಧಿಯ ವೀಸಾ ಕೊಡಲು ಅವಕಾಶವುಂಟು.

ಒಂದು ಮಾತನ್ನು ಚೆನ್ನಾಗಿ ತಿಳಿಯಿರಿ. ಐದು ವರ್ಷದ ವೀಸಾ ಎಂದರೆ ಐದು ವರ್ಷ ಅಲ್ಲಿ ಇರಬಹುದೆಂದಲ್ಲ. ಯಾವ 180 ದಿನಗಳನ್ನು ಎಣಿಸಿದರೂ ಅದರಲ್ಲಿ 90 ದಿನಕ್ಕಿಂತ ಹೆಚ್ಚು ಕಾಲ ಶೆಂಗೆನ್ ದೇಶಗಳಲ್ಲಿ ಇರುವಂತಿಲ್ಲ. 2013ರ ಅಕ್ಟೋಬರ್ 18ರಿಂದ ಲೆಕ್ಕ ಹೀಗಿದೆ. ಅಧಿಕ ವರ್ಷವಲ್ಲದ ಒಂದು ವರ್ಷದಲ್ಲಿ ನಿಮ್ಮ ಮಗಳು ಜನವರಿ 1ರಂದು ಒಳಗೆ ಹೋದಳೆನ್ನಿ. ಮಾರ್ಚ್ 31ಕ್ಕೆ ತೊಂಬತ್ತು ದಿನ ತುಂಬಿತು, ಅಂದೇ ಹೊರಡಬೇಕು. ಮತ್ತೆ ಕಾಲಿಡಬಹುದಾದ್ದು ಜೂನ್ 30ರಂದು. ಬಂದ ದಿನ, ಹೊರಟ ದಿನ ಎರಡೂ ಲೆಕ್ಕಕ್ಕೆ ಸೇರುತ್ತವೆ. ಮುಂಚೆ ಈ ಎಣಿಕೆ ಪಾಸ್‌ಪೋರ್ಟಿನ ಮುದ್ರೆಗಳನ್ನು ನೋಡಿ ನಡೆಯುತ್ತಿತ್ತು. 2025ರ ಅಕ್ಟೋಬರ್ 12ರಿಂದ ಹಂತಹಂತವಾಗಿ ಯಂತ್ರದ ಲೆಕ್ಕ ಬಂದಿತು. ಊರಿಗೆ ಬಂದವಳು ನೀರಿಗೆ ಬಾರದಿರುವಳೇ ಎಂಬ ಗಾದೆಯಂತೆ, ಒಂದು ದಿನ ಹೆಚ್ಚಾದರೂ ಇನ್ನೊಂದು ಸಾರಿಯ ಬಾಗಿಲಲ್ಲಿ ಅದು ತೋರಿಯೇ ತೋರುತ್ತದೆ.

ಮೂರು ಬಗೆಯ ದಂಪತಿಗಳು

ಇಷ್ಟನ್ನು ತಿಳಿದ ಬಳಿಕ, ನಿಮ್ಮ ಮನೆಯ ದಂಪತಿಗಳು ಈ ಮೂರರಲ್ಲಿ ಯಾವ ಬಗೆಯವರು ಎಂದು ನೋಡಿಕೊಳ್ಳಬಹುದು. ಮೊದಲನೆಯದು, ಯೂರೋಪ್ ಒಕ್ಕೂಟದ ಪೌರರನ್ನು ವರಿಸಿ, ಅವರೊಡನೆ ಅವರದಲ್ಲದ ಇನ್ನೊಂದು ಸದಸ್ಯ ದೇಶಕ್ಕೆ ಹೋಗುವವರು. ಜರ್ಮನಿಯ ಅಳಿಯನೊಡನೆ ನಿಮ್ಮ ಮಗಳು ಇಟಲಿಗೆ ಹೋಗುವುದು ಇದಕ್ಕೆ ಉದಾಹರಣೆ. 2004ರ ನಿರ್ದೇಶ ಪೂರ್ತಿಯಾಗಿ ಅನ್ವಯಿಸುವುದು ಇವರಿಗೆ. ಶುಲ್ಕವಿಲ್ಲ, ಬ್ಯಾಂಕಿನ ಲೆಕ್ಕದ ಗೋಜಿಲ್ಲ, ಬೇಕಾದದ್ದು ಮದುವೆಯ ರುಜುವಾತು, ಗಂಡನ ಪೌರತ್ವದ ರುಜುವಾತು, ಜೊತೆಯಲ್ಲಿ ಹೋಗುವ ವಿಷಯ. ಎರಡನೆಯದು, ಅದೇ ಮಗಳು ಅಳಿಯನ ಸ್ವಂತ ದೇಶವಾದ ಜರ್ಮನಿಗೇ ಹೋಗುವುದು. ಅಳಿಯ ಬೇರೆ ಸದಸ್ಯ ದೇಶದಲ್ಲಿ ಬಾಳಿ ಮರಳುತ್ತಿದ್ದರೆ ಹೊರತು, ಇಲ್ಲಿ ಆ ನಿರ್ದೇಶ ತಾನಾಗಿ ಅನ್ವಯಿಸದು. ವೀಸಾ ಸಂಹಿತೆಯೂ ಆ ದೇಶದ ಸ್ವಂತ ಕಾನೂನೂ ನಡೆಯುತ್ತವೆ. ಗಂಡನ ದೇಶಕ್ಕೆ ಹೋಗುವುದಕ್ಕಿಂತ ಪರದೇಶಕ್ಕೆ ಹೋಗುವುದೇ ಸುಲಭ ಎಂಬ ಈ ವಿಚಿತ್ರಕ್ಕೆ ಕಾರಣ, ನಾವು ಮೇಲೆ ಕಂಡ 1968ರ ಬೀಜ: ಗಡಿ ದಾಟಿದ ಪೌರನನ್ನು ಕಾಪಾಡಲು ಹುಟ್ಟಿದ ಹಕ್ಕು ಅದು.

ಮೂರನೆಯದು, ಗಂಡನೋ ಹೆಂಡತಿಯೋ ಅಮೆರಿಕ ಮುಂತಾದ, ಯೂರೋಪಿನ ಹೊರಗಿನ ದೇಶದವರು. ಅಮೆರಿಕದ ಸೊಸೆಗೆ 90 ದಿನಕ್ಕೆ ವೀಸಾ ಬೇಡ. ಭಾರತೀಯನಾದ ನಿಮ್ಮ ಮಗನಿಗೆ ಬೇಕು. ಆಕೆಯ ಪಾಸ್‌ಪೋರ್ಟಿನ ಬಲ ಅವನಿಗೆ ಬಾರದು. ಅವನು ಎಲ್ಲರಂತೆ 90 ಯೂರೋ ಶುಲ್ಕ ಕೊಟ್ಟು (2024ರ ಜೂನ್ 11ರಿಂದ ಇಷ್ಟು), 30,000 ಯೂರೋಗಿಂತ ಕಡಿಮೆಯಿಲ್ಲದ ವೈದ್ಯಕೀಯ ವಿಮೆ ಮಾಡಿಸಿ, ಅರ್ಜಿ ಹಾಕಬೇಕು. ಇಂಥವರಿಗೇ ಮೆಟ್ಟಿಲಿನ ಏರ್ಪಾಡು ಬಹು ಪ್ರಯೋಜನದ್ದು.

ಕೆಲವು ಮುಖ್ಯ ಸಂಗತಿಗಳು: ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳ ಒಳಗೆ, ಹದಿನೈದು ದಿನ ಮುಂಚಿತವಾಗಿ ಹಾಕಬೇಕು, ಹೆಚ್ಚು ದಿನ ಇರುವ ದೇಶದ ದೂತಾವಾಸಕ್ಕೇ ಹಾಕಬೇಕು. ಪಾಸ್‌ಪೋರ್ಟು ಹತ್ತು ವರ್ಷದ ಒಳಗಿನದಾಗಿ, ಮರಳುವ ದಿನದ ಮೇಲೆ ಮೂರು ತಿಂಗಳು ಬಾಳುವಂಥದಾಗಿ, ಎರಡು ಖಾಲಿ ಪುಟ ಉಳ್ಳದ್ದಾಗಿರಬೇಕು. ಎರಡು ವರ್ಷಕ್ಕೆ ಮುಗಿಯುವ ಪಾಸ್‌ಪೋರ್ಟಿನಲ್ಲಿ ಐದು ವರ್ಷದ ವೀಸಾವನ್ನು ನಿರೀಕ್ಷಿಸಬಾರದು. ಮೊದಲು ಪುಸ್ತಕವನ್ನು ಹೊಸದು ಮಾಡಿಸುವುದು ಜಾಣತನ. ಲಗ್ನಪತ್ರಿಕೆ ಸಾಲದು, ಮದುವೆಯ ನೋಂದಣಿ ಪತ್ರವೇ ಬೇಕು. ಕನ್ನಡದಲ್ಲಿದ್ದರೆ ಭಾಷಾಂತರ ಮಾಡಿಸಬೇಕು. ಹೆಸರಿನ ಅಕ್ಷರ ಪಾಸ್‌ಪೋರ್ಟಿನಲ್ಲಿರುವಂತೆಯೇ ಇದೆಯೇ ಎಂದು ನೋಡಬೇಕು. ನಮ್ಮ ದೇಶ 2005ರಿಂದ ಅಪೊಸ್ಟಿಲ್ ಎಂಬ ಅಂತರರಾಷ್ಟ್ರೀಯ ದೃಢೀಕರಣದ ಒಡಂಬಡಿಕೆಯಲ್ಲಿದೆ; ಕೇಳಿದ ಕಡೆ ಆ ಮುದ್ರೆ ಬೇಕಾಗುತ್ತದೆ. ವೀಸಾ ನಿರಾಕರಿಸಿದರೆ ಕಾರಣವನ್ನು ಬರೆದು ತಿಳಿಸಬೇಕು, ಮೇಲ್ಮನವಿಗೆ ಅವಕಾಶ ಕೊಡಬೇಕು. 2011ರ ಏಪ್ರಿಲಿನಿಂದ ಇದು ಕಟ್ಟಳೆ. ಆದುದರಿಂದ ನಿರಾಕರಣೆ ಬಂದೊಡನೆ ಎದೆಗುಂದದೆ ಆ ಕಾರಣವನ್ನು ಓದಿ ಉತ್ತರ ಕೊಡಬೇಕು. ಸುಳ್ಳು ಕಾಗದವನ್ನು ಮಾತ್ರ ಎಂದೂ ಇಡಬಾರದು. ದೀರ್ಘ ವೀಸಾಕ್ಕೆ ತಳಹದಿಯೇ ನಂಬಿಕೆ.

ಹಿಂದೆ ಹೆಂಡತಿಗೆ ದಾರಿ ಸಿಕ್ಕುತ್ತಿದ್ದುದು ಗಂಡನ ಹೆಸರಿನಿಂದ. ಅದಕ್ಕಾಗಿ ಹುಟ್ಟಿದ ದೇಶವನ್ನೇ ಬಿಟ್ಟುಕೊಡಬೇಕಾಗಿತ್ತು. ಇಂದು ಆಕೆಗಾಗಲಿ ಆತನಿಗಾಗಲಿ ಹಾಗೆ ಬಿಡಬೇಕಾದದ್ದು ಇಲ್ಲ. ಮೊದಲ ಪ್ರಯಾಣಗಳಲ್ಲಿ ಮಾತಿಗೆ ತಪ್ಪದೆ ನಡೆದುಕೊಂಡರೆ ದಾರಿ ತಾನಾಗಿ ಅಗಲವಾಗುತ್ತ ಹೋಗುತ್ತದೆ. ಎರಡು ಸಾಲುಗಳು ಇನ್ನೂ ಒಂದಾಗಿಲ್ಲ, ನಿಜ. ಮದುವೆಯಾದವರು ಜೊತೆಯಾಗಿ ನಡೆಯಲಿ ಎಂದು ಕಾನೂನು ಪೂರ್ತಿಯಾಗಿ ಒಪ್ಪುವ ದಿನ ಬರಬೇಕಾಗಿದೆ. ಆದರೆ ದೇಶವಿಲ್ಲದವಳಾಗಿ ಗಂಡನ ಪಕ್ಕದಲ್ಲಿ ನಿಲ್ಲುವುದಕ್ಕಿಂತ, ತನ್ನ ದೇಶದ ಪುಸ್ತಕವನ್ನು ಕೈಯಲ್ಲಿ ಹಿಡಿದು ಪಕ್ಕದ ಸಾಲಿನಲ್ಲಿ ಸ್ವಲ್ಪ ಹೊತ್ತು ಕಾಯುವುದು ಮೇಲು ಎಂಬುದನ್ನು ಮೇರಿ ದಾಸರಂಥವರ ಬಾಳು ನಮಗೆ ಹೇಳುತ್ತದೆ.